ವಿಮಾನಕ್ಕಿಂತ ಮುಂಚೆ ಒಂದು ದನಿ ಬೇಕು: ಹಿನ್ನೀರಿನ ಆಚೆಯಿಂದ ಒಂದು ಬಹಿರಂಗ ಪತ್ರ

ಶಿವಮೊಗ್ಗದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಸೋಗಾನೆಯ ವಿಮಾನ ನಿಲ್ದಾಣ ನೋಡಿಕೊಳ್ಳುವ ಎಲ್ಲರಿಗೂ,

ನಮಸ್ಕಾರ. ನಾನು ಸಾಗರ ತಾಲ್ಲೂಕಿನವನು, ಶರಾವತಿ ಹಿನ್ನೀರಿನ ಆಚೆ ಕರೂರು ಹೋಬಳಿಯ ಒಂದು ಹಳ್ಳಿ. ಬ್ರಾಂಚ್ ಪೋಸ್ಟ್ ಮಾಸ್ಟರ್ ಆಗಿದ್ದು ನಿವೃತ್ತನಾದೆ. ಕೆಲಸ ಮುಗಿದರೂ ಚಟ ಹೋಗಿಲ್ಲ. ಸ್ಟಾಂಪು, ನೋಟು, ಸೀಲು, ಏನು ಕೈಗೆ ಸಿಕ್ಕರೂ ಹಿಂದೆ ಮುಂದೆ ತಿರುಗಿಸಿ ನೋಡುತ್ತೇನೆ. ಈ ಪತ್ರ ಹುಟ್ಟಿದ್ದೂ ಆ ಚಟದಿಂದಲೇ.

ನನ್ನ ತಂಗಿಯ ಮಗಳು ಆಸ್ಟ್ರೇಲಿಯಾದಲ್ಲಿ ನರ್ಸ್. ಹೋದ ದೀಪಾವಳಿಗೆ ಬಂದಾಗ "ಮಾವ, ನಿಮ್ಮ ಸಂಗ್ರಹಕ್ಕೆ" ಅಂತ ಅಲ್ಲಿಯ 20 ಡಾಲರ್ ನೋಟು ಕೊಟ್ಟಳು. ಒಂದು ಬದಿಯಲ್ಲಿ ಕನ್ನಡಕ ಹಾಕಿದ ಒಬ್ಬರು. ಪಕ್ಕದಲ್ಲಿ ಒಂದು ಹಳೇ ವಿಮಾನ, ಒಂಟೆ, ಪೆಡಲ್ ಇರುವ ಒಂದು ಯಂತ್ರ. ಯಾರೇ ಇವರು ಅಂದೆ. "ಜಾನ್ ಫ್ಲಿನ್ ಅಂತ ಪಾದ್ರಿ ಮಾವ. ಹಾರುವ ಡಾಕ್ಟರ್ ಸೇವೆ ಶುರು ಮಾಡಿದವರು" ಅಂದಳು. ಪಾದ್ರಿಯ ಪಕ್ಕ ವಿಮಾನ ಯಾಕೆ, ಪೆಡಲ್ ಯಾಕೆ? ಆ ಪ್ರಶ್ನೆ ಹಿಡಿದು ಹೊರಟವನು ಇಡೀ ಚಳಿಗಾಲ ಅದನ್ನೇ ಓದಿದೆ. ಓದಿದ್ದು ಕೊನೆಗೆ ನಮ್ಮೂರಿನ ಒಂದು ರಾತ್ರಿಗೇ ಬಂದು ನಿಂತಿತು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಇನ್ನೊಬ್ಬ ಪೋಸ್ಟ್ ಮಾಸ್ಟರ್ ಕತೆ. 1917, ಪಶ್ಚಿಮ ಆಸ್ಟ್ರೇಲಿಯಾದ ಹಾಲ್ಸ್ ಕ್ರೀಕ್ ಅನ್ನೋ ಕುಗ್ರಾಮ. ದನ ಕಾಯುವ ಜಿಮ್ಮಿ ಡಾರ್ಸಿ ಎಂಬ ಯುವಕ ಕುದುರೆಯಿಂದ ಬಿದ್ದು ಒಳಪೆಟ್ಟು ಮಾಡಿಕೊಂಡ. ಊರಲ್ಲಿ ಡಾಕ್ಟರ್ ಇಲ್ಲ. ಅಲ್ಲಿನ ಪೋಸ್ಟ್ ಮಾಸ್ಟರ್ ಟಕೆಟ್ ಸಾವಿರಾರು ಕಿಲೋಮೀಟರ್ ದೂರದ ಪರ್ತ್‌ನ ಡಾಕ್ಟರಿಗೆ ಟೆಲಿಗ್ರಾಫ್ ಮಾಡಿದರು. ಆಪರೇಷನ್ ಮಾಡಲೇಬೇಕು ಅಂತ ಉತ್ತರ ಬಂತು. ಯಾರು ಮಾಡೋದು? ಪೋಸ್ಟ್ ಮಾಸ್ಟರೇ. ಪೆನ್ನು ಚೂಪು ಮಾಡುವ ಚಾಕು ಹಿಡಿದು, ತಂತಿಯಲ್ಲಿ ಕಟಕಟ ಅಂತ ಬಂದ ಸೂಚನೆ ಓದಿಕೊಳ್ಳುತ್ತಾ ಕೊಯ್ದರು. ಡಾಕ್ಟರೂ ಸುಮ್ನೆ ಕೂರಲಿಲ್ಲ, ಹಡಗು, ಕಾರು, ಕುದುರೆ ಹತ್ತಿ ಹೊರಟರು. ಬಂದು ಮುಟ್ಟುವ ಒಂದು ದಿನ ಮುಂಚೆ ಡಾರ್ಸಿ ತೀರಿಕೊಂಡಿದ್ದ.

ಈ ಕತೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮೂರಿನ ಒಂದೇ ಫೋನು ಎಷ್ಟೋ ವರ್ಷ ನನ್ನ ಮೇಜಿನ ಮೇಲಿತ್ತು.

ಅದೇ 1917ರಲ್ಲಿ ಕ್ಲಿಫರ್ಡ್ ಪೀಲ್ ಎಂಬ ಹುಡುಗ ಫ್ಲಿನ್ ಅವರಿಗೆ ಒಂದು ಪತ್ರ ಬರೆದ. ಡಾಕ್ಟರಿಕೆ ಓದುತ್ತಿದ್ದವನು, ಮಹಾಯುದ್ಧಕ್ಕೆ ಪೈಲಟ್ ಆಗಿ ಹೊರಟಿದ್ದ. ಒಳನಾಡಿನ ರೋಗಿಗಳಿಗೆ ವಿಮಾನ ಯಾಕೆ ಬಳಸಬಾರದು ಅಂತ ಖರ್ಚಿನ ಲೆಕ್ಕ ಹಾಕಿ ಬರೆದಿದ್ದ. ಮಾರನೇ ವರ್ಷ ಯುದ್ಧದಲ್ಲೇ ಸತ್ತ. ಅವನ ಪತ್ರ ಸಾಯಲಿಲ್ಲ. ಫ್ಲಿನ್ ಅದನ್ನು ಹಿಡಿದುಕೊಂಡು ಹತ್ತು ವರ್ಷ ಊರೂರು ಸುತ್ತಿ ದುಡ್ಡು ಕೂಡಿಸಿದರು. 1928ರ ಮೇ 17ರಂದು ಕ್ಲಾನ್‌ಕರಿ ಎಂಬಲ್ಲಿಂದ ಮೊದಲ ಹಾರಾಟ. ವಿಮಾನ ಸ್ವಂತದ್ದಲ್ಲ. ಕ್ವಾಂಟಾಸ್ ಕಂಪನಿಯಿಂದ ಮೈಲಿಗೆ 2 ಷಿಲಿಂಗ್ ಲೆಕ್ಕದಲ್ಲಿ ಬಾಡಿಗೆಗೆ ತಂದದ್ದು. ಮೊದಲ ವರ್ಷ 50 ಹಾರಾಟ, 225 ರೋಗಿಗಳು.

ಪತ್ರ ಬರೆದರೆ ಏನಾಗುತ್ತೆ ಅಂತ ಕೇಳುವವರಿಗೆ ಇದು ನನ್ನ ಉತ್ತರ. ಅಂಚೆಯವನಾಗಿ ಇಷ್ಟು ಜಂಬ ಇರಲಿ ಬಿಡಿ.

ಆದರೆ ನನ್ನ ಮನಸ್ಸು ಹಿಡಿದದ್ದು ವಿಮಾನ ಅಲ್ಲ, ಆ ಪೆಡಲು. ವಿಮಾನ ಇದ್ದರೂ ಅದನ್ನು ಕರೆಯೋದು ಹೇಗೆ? ನೂರು ಮೈಲಿ ಆಚೆಯ ಒಂಟಿ ಮನೆಯಲ್ಲಿ ಕರೆಂಟಿಲ್ಲ, ತಂತಿಯಿಲ್ಲ. ಆಲ್ಫ್ರೆಡ್ ಟ್ರೇಗರ್ ಎಂಬ ಎಂಜಿನಿಯರ್ ಸೈಕಲ್ ಪೆಡಲ್ ತುಳಿದರೆ ನಡೆಯುವ ರೇಡಿಯೋ ಮಾಡಿಕೊಟ್ಟರು. ಕಾಲು ಪೆಡಲ್ ತುಳಿಯುತ್ತೆ, ಕೈ ಸಂದೇಶ ಕಳಿಸುತ್ತೆ. 1929ರಿಂದ ಅವು ಒಂದೊಂದೇ ಮನೆಗೆ ಹೋದವು. ಹೆಚ್ಚಾಗಿ ನಡೆಸಿದವರು ಆ ಮನೆಗಳ ಹೆಂಗಸರು. ಹೊಲಿಗೆ ಮಷಿನ್ ತುಳಿದ ಹಾಗೆ ರೇಡಿಯೋ ತುಳಿದರು.

ಆಮೇಲೆ ಔಷಧಿ ಪೆಟ್ಟಿಗೆ ಬಂತು. ಎಲ್ಲಾ ಕಡೆ ಒಂದೇ ಥರದ ಪೆಟ್ಟಿಗೆ, ಪ್ರತಿ ಔಷಧಿಗೆ ಒಂದು ನಂಬರ್. ಜೊತೆಗೆ ಮನುಷ್ಯನ ಮೈಯ ಚಿತ್ರ, ಅದರಲ್ಲೂ ಭಾಗಕ್ಕೊಂದು ನಂಬರ್. ಇಂಥ ನಂಬರಿನ ಜಾಗದಲ್ಲಿ ನೋವು ಅಂತ ಇವರು ಹೇಳಬೇಕು, ಇಂಥ ನಂಬರಿನ ಮಾತ್ರೆ ಕೊಡಿ ಅಂತ ಡಾಕ್ಟರ್ ಹೇಳಬೇಕು. ಓದು ಬರಹ ಜಾಸ್ತಿ ಬೇಕಿಲ್ಲ. 9ನೇ ನಂಬರಿನ ಮಾತ್ರೆ ಖಾಲಿಯಾಗಿದ್ದಾಗ ಯಾರೋ 4 ಮತ್ತು 5 ಸೇರಿಸಿ ನುಂಗಿದರು ಅಂತ ಅಲ್ಲಿ ಒಂದು ತಮಾಷೆ ಕತೆ ಇದೆ. ನಮ್ಮೂರಲ್ಲೂ ಹಾಗೆ ಮಾಡುವವರು ಇಬ್ಬರಿದ್ದಾರೆ, ಹೆಸರು ಬೇಡ.

ಈಗ ನಮ್ಮೂರಿನ ರಾತ್ರಿ.

ಸುಮಾರು ಮೂವತ್ತು ವರ್ಷದ ಹಿಂದೆ, ಆಷಾಢ. ಕೊಳೆರೋಗಕ್ಕೆ ಅಡಿಕೆಗೆ ಔಷಧಿ ಹೊಡೆಯುವ ಕಾಲ. ಒಂದು ದಿನ ಮಳೆ ಹೊಳವಾಯಿತು ಅಂತ ನಮ್ಮ ಕೇರಿಯ ಒಬ್ಬ ಮರ ಹತ್ತಿದ. ನೀರು ಕುಡಿದ ಮರ, ಹಾವಸೆ ಕಟ್ಟಿತ್ತು. ಸಂಜೆ ಹೊತ್ತಿಗೆ ಜಾರಿ ಬಿದ್ದ. ಪ್ರಜ್ಞೆ ಇತ್ತು, ಮಾತಾಡುತ್ತಿದ್ದ. "ಕಾಲು ನಂದಲ್ಲ ಅನ್ನಿಸ್ತಿದೆ" ಅಂದ. ನನಗೆ ಆ ಮಾತಿನ ಅರ್ಥ ಆಗಲಿಲ್ಲ.

ಫೋನು ನಾಲ್ಕು ದಿನದಿಂದ ಸತ್ತಿತ್ತು. ದಾರಿಯಲ್ಲಿ ಎಲ್ಲೋ ಮರ ಬಿದ್ದು ತಂತಿ ಹರಿದಿತ್ತು. ನಮಗೆ ಗೊತ್ತಿದ್ದ ದಾರಿ ಒಂದೇ, ಜೋಳಿಗೆ. ಕಂಬಳಿ ಕಟ್ಟಿದೆವು, ಬಿದಿರ ಗಳು ತೂರಿಸಿದೆವು, ಅವನನ್ನು ಒಳಗೆ ಮಲಗಿಸಿದೆವು. ನಾಲ್ಕು ಜನ ಸರದಿಯ ಮೇಲೆ ಹೊತ್ತೆವು. ಮುಂದಿನ ತುದಿಗೆ ನಾನು. ಹೊಳೆ ದಡಕ್ಕೆ ಬರುವಾಗ ಕತ್ತಲಾಗಿ ಎಷ್ಟೋ ಹೊತ್ತಾಗಿತ್ತು. ಲಾಂಚು ಆಚೆ ದಡದಲ್ಲಿ. ಬೆಳಗಿನ ತನಕ ಕೂತೆವು, ಬೆಳಗ್ಗೆ ದಾಟಿಸಿದೆವು, ಆಸ್ಪತ್ರೆ ಸೇರಿಸಿದೆವು.

ಅವನು ಬದುಕಿದ. ಕಾಲು ಬರಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್, ಬೈಯಲಿಲ್ಲ, ಮೆತ್ತಗೆ ಕೇಳಿದರು: "ಹೇಗೆ ತಂದಿರಿ?" ಜೋಳಿಗೆಯಲ್ಲಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆನ್ನು ಮುರಿದವರನ್ನು ಬಗ್ಗಿಸಬಾರದಿತ್ತು. ಬಾಗಿಲೋ ಹಲಗೆಯೋ ಗಟ್ಟಿಯಾಗಿರೋದರ ಮೇಲೆ ನೆಟ್ಟಗೆ ಮಲಗಿಸಿ ತರಬೇಕಿತ್ತು" ಅಂದರು. ಬಿದ್ದಾಗಲೇ ಕಾಲು ಹೋಗಿತ್ತೋ, ನಮ್ಮ ಜೋಳಿಗೆಯಲ್ಲಿ ಪೂರ್ತಿ ಹೋಯಿತೋ, ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ನಮ್ಮ ಅಂಗಳದಲ್ಲಿ ಅಡಿಕೆ ದಬ್ಬೆ ರಾಶಿ ಬಿದ್ದಿತ್ತು. ಹತ್ತು ನಿಮಿಷದಲ್ಲಿ ತಟ್ಟಿ ಕಟ್ಟಬಹುದಿತ್ತು. ಆದರೆ ಬದುಕಿರುವ ಮನುಷ್ಯನನ್ನು ದಬ್ಬೆಯ ಮೇಲೆ ಮಲಗಿಸಿ ಹೊರಡೋದುಂಟೇ? ಅದು ಚಟ್ಟ ಅಲ್ವಾ. ಯಾರಿಗೂ ಹೊಳೆಯಲೂ ಇಲ್ಲ, ಹೊಳೆದಿದ್ದರೂ ಯಾರೂ ಬಾಯಿಬಿಡುತ್ತಿರಲಿಲ್ಲ. ಅವತ್ತು ಒಂದು ದನಿ ಬೇಕಿತ್ತು. "ಜೋಳಿಗೆ ಬೇಡ, ದಬ್ಬೆ ಕಟ್ಟಿ, ಶಾಸ್ತ್ರ ಆಮೇಲೆ" ಅಂತ ಗದರುವ ಒಬ್ಬ ಡಾಕ್ಟರ ದನಿ. ವಿಮಾನ ಆ ಮಳೆಯಲ್ಲಿ ಹೇಗೂ ಬರುತ್ತಿರಲಿಲ್ಲ. ದನಿ ಬರಬಹುದಿತ್ತು.

ಇಷ್ಟಕ್ಕೆ ನಿಲ್ಲಿಸಿದರೆ ಪಾದ್ರಿಗಳ ಹೊಗಳಿಕೆ ಆಗಿಬಿಡುತ್ತೆ. ಮಿಷನರಿ ವಿಮಾನಗಳ ಕತೆಯಲ್ಲಿ ಎಲ್ಲವೂ ಸಲೀಸಾಗಿಲ್ಲ.

ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಅಮೆರಿಕದ ಕೆಲವು ಪೈಲಟ್‌ಗಳು ಸೇರಿ, ಯುದ್ಧದಲ್ಲಿ ಕಲಿತದ್ದನ್ನು ಧರ್ಮದ ಕೆಲಸಕ್ಕೆ ಹಾಕೋಣ ಅಂತ ಒಂದು ಸಂಸ್ಥೆ ಕಟ್ಟಿದರು. ಈಗ ಅದರ ಹೆಸರು ಮಿಷನ್ ಏವಿಯೇಷನ್ ಫೆಲೋಶಿಪ್. 1946ರಲ್ಲಿ ಅದರ ಮೊದಲ ವಿಮಾನ ಮೆಕ್ಸಿಕೋಗೆ ಹೋಯಿತು. ಓಡಿಸಿದವರು ಬೆಟ್ಟಿ ಗ್ರೀನ್, ಒಬ್ಬ ಹೆಂಗಸು. ಇವತ್ತು ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಅವರ ಕೆಲಸ ಇದೆ. ಪಪುವಾ ನ್ಯೂಗಿನಿಯ ಗುಡ್ಡಗಳಲ್ಲಿ ಎಷ್ಟೋ ಊರಿಗೆ ರಸ್ತೆಯೇ ಇಲ್ಲ. ಅಲ್ಲಿ ಊರಿನ ಜನರೇ ಗುದ್ದಲಿ ಹಿಡಿದು ಗುಡ್ಡ ಕಡಿದು ರನ್‌ವೇ ಮಾಡಿದ್ದಾರೆ. ಇಳಿಜಾರಿನ ರನ್‌ವೇ. ಏರು ಹತ್ತುತ್ತಾ ಇಳಿಯೋದು, ಇಳಿಜಾರಲ್ಲಿ ಓಡಿ ಹಾರೋದು. ಪೈಲಟ್‌ಗಳು ಬೆಳಗ್ಗೆಯೇ ಹೊರಡುತ್ತಾರೆ, ಮಧ್ಯಾಹ್ನಕ್ಕೆ ಗುಡ್ಡದ ಮೇಲೆ ಮೋಡ ಕಟ್ಟುತ್ತೆ. ಬಾಂಗ್ಲಾದೇಶದಲ್ಲಿ ಇದೇ ಸಂಸ್ಥೆಯವರು ನೀರಿನ ಮೇಲೆ ಇಳಿಯುವ ವಿಮಾನ ಓಡಿಸಿದ್ದರು. ಅದನ್ನು ಓದುವಾಗ ನಮ್ಮ ಹಿನ್ನೀರು ಕಣ್ಮುಂದೆ ಬಂತು, ಸುಳ್ಳು ಯಾಕೆ ಹೇಳಲಿ.

ಇವರು ಔಷಧಿಯ ಜೊತೆ ಬೈಬಲನ್ನೂ ಒಯ್ಯುತ್ತಾರೆ. ಮುಚ್ಚಿಡೋದಿಲ್ಲ, ಅದಕ್ಕೇ ಬಂದವರು. ಇದಕ್ಕೆ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬರುತ್ತೆ. ನನ್ನ ಲೆಕ್ಕ ಬೇರೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದದ್ದೂ ಧರ್ಮ ಹರಡಲಿಕ್ಕೇ. ಅವರಿಂದ ನಮಗೆ 1843ರಲ್ಲಿ ಮೊದಲ ಕನ್ನಡ ಪತ್ರಿಕೆ ಬಂತು, 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಪತ್ರಿಕೆ, ನಿಘಂಟು ಇಟ್ಟುಕೊಂಡೆವು. ಉಳಿದದ್ದು ಬೇಕಾದವರು ತೆಗೆದುಕೊಂಡರು, ಬೇಡದವರು ಬಿಟ್ಟರು.

ಕರೆಯದೆ ಹೋದ ವಿಮಾನದ ಕತೆ ಮಾತ್ರ ಬೇರೆ. ಈಕ್ವೆಡಾರ್ ಕಾಡಿನಲ್ಲಿ ನೇಟ್ ಸೇಂಟ್ ಎಂಬ ಮಿಷನರಿ ಪೈಲಟ್ ಒಂದು ಚಮತ್ಕಾರ ಕಂಡುಕೊಂಡಿದ್ದರು. ವಿಮಾನ ಮೇಲೆ ಸುತ್ತು ಹೊಡೆಯುತ್ತಿರುತ್ತೆ, ಉದ್ದ ಹಗ್ಗದ ತುದಿಯ ಬಕೆಟ್ಟು ಕೆಳಗೆ ಅಲ್ಲಾಡದ ಹಾಗೆ ನಿಲ್ಲುತ್ತೆ. ನಮ್ಮ ಬಾವಿಯ ಕೊಡದ ಹಾಗೆ. ಹೊರಗಿನವರನ್ನು ಹತ್ತಿರ ಸೇರಿಸದ ವಾವೊರಾನಿ ಜನರಿಗೆ ಆ ಬಕೆಟ್ಟಿನಲ್ಲಿ ಉಡುಗೊರೆ ಇಳಿಸಿದರು. ಅವರೂ ಪ್ರತಿಯಾಗಿ ಏನೇನೋ ಕಟ್ಟಿ ಕಳಿಸಿದರು. ನೆಂಟಸ್ತಿಕೆ ಕುದುರಿತು ಅಂದುಕೊಂಡು ಹೊಳೆಯ ಮರಳ ದಿಬ್ಬದ ಮೇಲೆ ವಿಮಾನ ಇಳಿಸಿದರು. 1956ರ ಜನವರಿ 8ರಂದು ಸೇಂಟ್ ಸೇರಿ ಐವರು ಮಿಷನರಿಗಳು ಭರ್ಜಿ ಏಟಿಗೆ ಸತ್ತರು. ಅವರ ಧೈರ್ಯದ ಬಗ್ಗೆ ನಾನು ಎರಡು ಮಾತಾಡೋದಿಲ್ಲ. ಆದರೆ ಅಲ್ಲಿಗೆ ಬನ್ನಿ ಅಂತ ಯಾರೂ ಕರೆದಿರಲಿಲ್ಲ. ಕ್ಲಾನ್‌ಕರಿಯ ವಿಮಾನ ಹೋಗಿದ್ದು ಕರೆದ ಮನೆಗೆ.

ಆ ಫ್ಲಿನ್ ಮೇಲೂ ದೂರಿದೆ. ಅವರ ಸೇವೆಯ ಕಣ್ಣಿಗೆ ಬಿಳಿಯರ ಒಂಟಿ ಮನೆಗಳು ಕಂಡವು, ಆ ನೆಲದ ಮೂಲ ಜನರು ಅಷ್ಟಾಗಿ ಕಾಣಲಿಲ್ಲ ಅಂತ ಅವರ ಕಾಲದವರೇ ಬೈದಿದ್ದಾರೆ. ಇದನ್ನು ನಾವೂ ನೆನಪಿಟ್ಟುಕೊಳ್ಳಬೇಕು. ನಮ್ಮ ಹೋಬಳಿಯಲ್ಲಿ ಫೋನು ಮೊದಲು ಬಂದದ್ದು ಯಾರ ಮನೆಗೆ, ರಸ್ತೆ ಯಾವ ಅಂಗಳದ ತನಕ ಬಂದು ನಿಂತಿದೆ, ಕುಣಬಿ ಕೇರಿಗೂ ಹಸಲರ ಕೇರಿಗೂ ಅದು ಮುಂದುವರಿಯಿತಾ ಅಂತ ಒಮ್ಮೆ ನಡೆದು ನೋಡಿ.

ಫ್ಲಿನ್ ಮಾಡಿದ ಇನ್ನೊಂದು ಕೆಲಸ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು. ಅವರ ಚರ್ಚು ಆ ಸೇವೆಯನ್ನು ಕೈಯಲ್ಲೇ ಬಿಗಿ ಹಿಡಿದುಕೊಳ್ಳಲಿಲ್ಲ. 1934ರ ಹೊತ್ತಿಗೆ ಅದನ್ನು ಸಾರ್ವಜನಿಕ ಸಂಸ್ಥೆಗೆ ಬಿಟ್ಟುಕೊಟ್ಟಿತು. ಇವತ್ತು ಅಲ್ಲಿ ಸರ್ಕಾರದ ದುಡ್ಡು, ಜನರ ದೇಣಿಗೆ ಎರಡೂ ಸೇರಿ ಅದು ನಡೆಯುತ್ತೆ. ರೋಗಿಯ ದೇವರು ಯಾರು ಅಂತ ಯಾರೂ ಕೇಳೋದಿಲ್ಲ. ನನಗೆ ಬೇಕಾದ್ದು ಆ ಭಾಗ. ಮಲೆನಾಡಿಗೆ ಮಿಷನರಿ ವಿಮಾನ ಬರಲಿ ಅಂತ ನಾನು ಕೇಳುತ್ತಿಲ್ಲ. ಅವರು ಕಲಿತ ಪಾಠ ಮಾತ್ರ ಸರ್ಕಾರ ಕಲಿಯಲಿ.

ನಮ್ಮಲ್ಲಿ ಏನಿದೆ ನೋಡಿ. ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಕುವೆಂಪು ಹೆಸರಿನ ವಿಮಾನ ನಿಲ್ದಾಣ ತೆರೆಯಿತು. ಸುಮಾರು 450 ಕೋಟಿ ಖರ್ಚು, ಮೂರು ಕಿಲೋಮೀಟರ್ ಮೀರಿದ ರನ್‌ವೇ. ಸಿಗಂದೂರಿನ ಹತ್ತಿರ 2025ರ ಜುಲೈ 14ರಂದು ಸೇತುವೆ ಆಯಿತು, ಎರಡೂವರೆ ಕಿಲೋಮೀಟರಿಗೆ ಹತ್ತಿರ ಉದ್ದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತಾಗಿನಿಂದ ಕಾದ ಸೇತುವೆ. ಉದ್ಘಾಟನೆ ದಿನ ನಾನೂ ಹೋಗಿದ್ದೆ. ನಡುಮಧ್ಯೆ ನಿಂತು, ಆ ರಾತ್ರಿ ಕೂತಿದ್ದ ದಡ ಯಾವುದು ಅಂತ ಹುಡುಕಿದೆ.

ಸೇತುವೆ ಬಂತು. ಆದರೆ ಸೇತುವೆಯಿಂದ ಮನೆಗೆ? ಮಳೆಗಾಲದಲ್ಲಿ ಕಾಲುಸಂಕದ ಆಚೆ ಇರುವ ಮನೆಗಳು ಈಗಲೂ ಆಚೆಯೇ ಇವೆ. ಮೊಬೈಲ್ ಹಿಡಿದು ಸಿಗ್ನಲ್ ಸಿಗುವ ಗುಡ್ಡ ಹತ್ತುವುದು ನಮ್ಮಲ್ಲಿ ಇನ್ನೂ ದಿನನಿತ್ಯದ ಕೆಲಸ. "ನೋ ನೆಟ್‌ವರ್ಕ್, ನೋ ವೋಟಿಂಗ್" ಅಂತ ಬೋರ್ಡ್ ಹಾಕಿದ ಊರುಗಳು ನಿಮಗೂ ನೆನಪಿರಬೇಕು.

ಏರ್ ಆಂಬುಲೆನ್ಸ್ ಕೊಡಿ ಅಂತ ನಮ್ಮ ಹುಡುಗರು ಕೇಳುತ್ತಿದ್ದಾರೆ. ಕೇಳಲಿ, ತಪ್ಪಿಲ್ಲ. ಸೋಗಾನೆಯಲ್ಲಿ ಒಂದು ಹೆಲಿಕಾಪ್ಟರ್‌ಗೋ ಸಣ್ಣ ವಿಮಾನಕ್ಕೋ ಮೊದಲೇ ಕರಾರು ಮಾಡಿ, ಕ್ವಾಂಟಾಸ್ ಜೊತೆ ಮಾಡಿದ ಹಾಗೆ ಇಷ್ಟು ದೂರಕ್ಕೆ ಇಷ್ಟು ಅಂತ ದರ ಬರೆದು, ಬಡವರ ಪಾಲು ಸರ್ಕಾರ ಕೊಡುವ ಹಾಗೆ ಮಾಡಿದರೆ ಒಳ್ಳೇದೇ. ಬೇಸಿಗೆಯಲ್ಲಿ ಜೀವ ಉಳಿಯುತ್ತೆ. ಆದರೆ ನಮ್ಮದು ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಬೀಳುವ ಆಗುಂಬೆಯ ಜಿಲ್ಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಡ್ಡ ಯಾವುದು ಮೋಡ ಯಾವುದು ಗೊತ್ತಾಗೋದಿಲ್ಲ. ಅಂಥ ಹೊತ್ತಲ್ಲಿ ಒಳ್ಳೇ ಪೈಲಟ್ ಹಾರೋದಿಲ್ಲ, ಹಾರಬಾರದು. ತರಬೇತಿ ಪಡೆದವರೂ ಇಂಥ ಕೆಲಸದಲ್ಲಿ ಸತ್ತಿದ್ದಾರೆ. ಇಂಡೋನೇಷ್ಯಾದ ಪಪುವಾ ಪ್ರಾಂತ್ಯದಲ್ಲಿ 2020ರ ಮೇ 12ರಂದು ಕೋವಿಡ್ ಪರೀಕ್ಷೆಯ ಕಿಟ್ ಹೊತ್ತು ಹೊರಟ ಮಿಷನ್ ಪೈಲಟ್ ಜಾಯ್ಸ್ ಲಿನ್ ಅವರ ವಿಮಾನ ಸರೋವರಕ್ಕೆ ಬಿತ್ತು. ಅವರಿಗೆ 40 ವರ್ಷ. ನಮಗೆ ತೀರಾ ಬೇಕಾದ ದಿನವೇ ವಿಮಾನ ಬರೋದಿಲ್ಲ ಅಂತ ಇಟ್ಟುಕೊಂಡೇ ಲೆಕ್ಕ ಹಾಕಬೇಕು.

ಹಾಗಾಗಿ ನನ್ನ ಕೋರಿಕೆ ಅಗ್ಗದ್ದು. ನೆಟ್‌ವರ್ಕ್ ಇಲ್ಲದ ಪ್ರತಿ ಊರಿನ ಅಂಚೆ ಕಚೇರಿಯಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ಒಂದು ವೈರ್‌ಲೆಸ್ ಸೆಟ್ ಇಡಿ, ಸೋಲಾರ್ ಹಾಕಿ. ಪೊಲೀಸರ ಬಳಿ ವೈರ್‌ಲೆಸ್ ಇದೆ, ಅರಣ್ಯ ಇಲಾಖೆಯವರ ಬಳಿ ಇದೆ, ಊರಿನವರ ಬಳಿ ಮಾತ್ರ ಯಾಕಿಲ್ಲ? ಎಲ್ಲಿ ಅದೂ ಹಿಡಿಯೋದಿಲ್ಲವೋ ಅಲ್ಲಿ ಬಿಎಸ್ಎನ್ಎಲ್ ಸ್ಯಾಟಲೈಟ್ ಫೋನ್ ಕೊಡಿ, ಪರವಾನಗಿ ನೀವೇ ಮಾಡಿಸಿ. ಮಳೆಗಾಲ ಪೂರ್ತಿ ದಿನಾ ಬೆಳಗ್ಗೆ ಒಂದು ಹೊತ್ತು ಗೊತ್ತು ಮಾಡಿ, ಊರೂರಿನ ಹೆಸರು ಕೂಗಿ. ಯಾರಾದರೂ ತುಂಬಿದ ಬಸುರಿ ಇದ್ದಾರಾ, ಯಾವ ಸಂಕ ಹೋಗಿದೆ, ಯಾರಿಗೆ ಜ್ವರ. ಒಂದು ಊರು ಉತ್ತರ ಕೊಡದಿದ್ದರೆ ಅದೇ ಒಂದು ಸುದ್ದಿ. ಬೇಸಿಗೆಯಲ್ಲಿ ಇದೇ ಸೆಟ್ಟಿನಲ್ಲಿ ಎಲ್ಲಿ ಮಂಗ ಸತ್ತಿದೆ ಅಂತ ಕೇಳಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. ಸತ್ತ ಮಂಗದ ಸುದ್ದಿ ಎಷ್ಟು ಬೇಗ ಬರುತ್ತೋ ಅಷ್ಟು ಒಳ್ಳೇದು ಅಂತ ನಿಮ್ಮ ಆರೋಗ್ಯಾಧಿಕಾರಿಗಳಿಗೆ ನಾನು ಹೇಳಬೇಕಾಗಿಲ್ಲ.

ಆ ಸೆಟ್ಟಿನ ಪಕ್ಕ ನಂಬರ್ ಹಾಕಿದ ಒಂದು ಔಷಧಿ ಪೆಟ್ಟಿಗೆ, ಗೋಡೆಯ ಮೇಲೆ ನಂಬರ್ ಹಾಕಿದ ಮೈಯ ಚಿತ್ರ. ಆಶಾ ಕಾರ್ಯಕರ್ತೆಯರ ಹತ್ತಿರ ಕಿಟ್ ಇದೆ, ಗೊತ್ತು. ಆಚೆ ಬದಿಯಿಂದ ಮಾತಾಡುವ ಡಾಕ್ಟರ್ ಕೈಯಲ್ಲೂ ಅದೇ ಪಟ್ಟಿ ಇರಲಿ ಅನ್ನೋದು ನನ್ನ ಮಾತು. ಮತ್ತೆ ಒಂದು ಗಟ್ಟಿ ಸ್ಟ್ರೆಚರ್. ದಯವಿಟ್ಟು.

ಕೊನೆಗೆ ಇಳಿಯುವ ಜಾಗ. ಮಂತ್ರಿಗಳು ಬರುವಾಗ ಎರಡೇ ದಿನದಲ್ಲಿ ಶಾಲೆ ಮೈದಾನ ಹೆಲಿಪ್ಯಾಡ್ ಆಗುತ್ತೆ, ಸುಣ್ಣದಲ್ಲಿ ಗುರುತು ಬೀಳುತ್ತೆ, ಧೂಳು ಏಳದ ಹಾಗೆ ಟ್ಯಾಂಕರ್ ನೀರು ಬರುತ್ತೆ. ಅದೇ ಜಾಗಗಳ ಪಟ್ಟಿಯನ್ನು ಹೋಬಳಿವಾರು ಒಮ್ಮೆ ಬರೆದಿಟ್ಟರೆ ಸಾಕು. ಎಲ್ಲಿ ತಂತಿ ಹಾದಿದೆ, ಎಲ್ಲಿ ಮರ, ಮಳೆಗಾಲದಲ್ಲಿ ಎಷ್ಟು ಕೆಸರು, ಕೀಲಿ ಯಾರ ಹತ್ತಿರ.

ನಮ್ಮೂರಿನದ್ದು ನಾನೇ ಮಾಡಿಟ್ಟಿದ್ದೇನೆ. ಹೋದ ಭಾನುವಾರ ಇಬ್ಬರು ಹುಡುಗರನ್ನು ಕರೆದುಕೊಂಡು ಶಾಲೆ ಮೈದಾನವನ್ನು ಟೇಪ್ ಹಿಡಿದು ಅಳೆದೆ. ಪಡುವಣ ಮೂಲೆಯಲ್ಲಿ ಕರೆಂಟ್ ತಂತಿ ಇದೆ, ಮೂಡಣ ಬದಿ ಬಯಲು. ನಡುವೆ ಒಂದು ಕಲ್ಲು ಎದ್ದಿತ್ತು, ಅದನ್ನು ಕೀಳಿಸಿದ್ದೇವೆ. ಮೈದಾನದ ಅಂಚಿನಲ್ಲಿ ಗಾಲಿಕುರ್ಚಿ ನಿಲ್ಲಿಸಿಕೊಂಡು, ಟೇಪಿನ ಒಂದು ತುದಿ ಹಿಡಿದು, ಅಳತೆ ಬರೆದುಕೊಂಡವನು ಅವತ್ತು ಮರದಿಂದ ಬಿದ್ದವನೇ. ಅವನ ಕೈಬರಹದ ನಕ್ಷೆಯನ್ನು ಈ ಪತ್ರದ ಪ್ರತಿಯ ಜೊತೆ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಬ್ರಾಂಚ್ ಪೋಸ್ಟ್ ಮಾಸ್ಟರ್,
ಕರೂರು ಹೋಬಳಿ, ಸಾಗರ ತಾಲ್ಲೂಕು